ಮೊತ್ತವೂ ಮುದ್ರೆಯೂ

ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಗೃಹಿಣಿಯು ಗಡಿಗೆಯೊಳಗಿನ ಅಗುಳುಗಳನ್ನೆಲ್ಲ ಹಿಚುಕಿ ನೋಡುವುದಿಲ್ಲ. ಒಂದೆರಡನ್ನು ನೋಡಿ ಉಳಿದವುಗಳ ಗತಿಯನ್ನು ಊಹಿಸುತ್ತಾಳೆ. ನಮ್ಮ ಹಿರಿಯರು ಇದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟರು. ಅನ್ನದ ವಿಷಯದಲ್ಲಿ ಈ ನ್ಯಾಯವು ಬಹುಮಟ್ಟಿಗೆ ಸುಳ್ಳಾಗದು. ಎಲ್ಲ ಅಗುಳುಗಳಿಗೂ ಒಂದೇ ನೀರು, ಒಂದೇ ಬೆಂಕಿ. ಆದರೆ ಲೆಕ್ಕದ ವಹಿಯ ಮಾತು ಬೇರೆ. ಅಲ್ಲಿ ಒಂದೊಂದು ಸಾಲೂ ಬೇರೆ ಬೇರೆ ಮನೆಯ ಒಲೆಯ ಮೇಲೆ ಬೇಯುತ್ತಿರುತ್ತದೆ. ಇಷ್ಟು ಸಣ್ಣ ಮಾತನ್ನು ಕಲಿಯಲು ನನಗೆ ಅರುವತ್ತು ವರುಷಗಳು ಬೇಕಾದುವು. ಕಲಿತದ್ದೂ ಪರರ ನಷ್ಟದಿಂದ.

ನಾನು ಸುರಪುರಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯವನು. ಕನ್ನಡ ಸಂಸ್ಕೃತಗಳನ್ನು ಪಾಠ ಹೇಳಿ ನಿವೃತ್ತನಾದವನು. ನಿವೃತ್ತಿಯ ತರುವಾಯ ಕೈ ಸುಮ್ಮನಿರಲಾರದೆ, ಹಳೆಯ ಶಿಷ್ಯರು ಕೆಲವರು ಸೇರಿ ಬಡಮಕ್ಕಳ ಓದಿಗಾಗಿ ಕೂಡಿಸಿದ ಒಂದು ಸಣ್ಣ ನಿಧಿಯ ಲೆಕ್ಕವನ್ನು ನೋಡಿಕೊಳ್ಳಲು ಒಪ್ಪಿಕೊಂಡೆನು. ಮಕ್ಕಳ ಹೆಸರು, ತಂದೆಯ ಹೆಸರು, ತರಗತಿ, ಬ್ಯಾಂಕಿನ ಖಾತೆಯ ಸಂಖ್ಯೆ, ಕೊಡತಕ್ಕ ಹಣ, ಇವಿಷ್ಟು ನನ್ನ ವಹಿಯಲ್ಲಿ. ಅದರ ಪ್ರತಿಯೊಂದು ಕಂಪ್ಯೂಟರಿನಲ್ಲಿ ಕೋಷ್ಟಕವಾಗಿ. ನಾನು ಓದಿ ಹೇಳಿದೆ, ಹುಡುಗನೊಬ್ಬನು ಅಕ್ಷರ ಕೂಡಿಸಿದ. ಆ ಕೋಷ್ಟಕವನ್ನು ನೋಡಿಯೇ ಹಣ ಹೋಗತಕ್ಕದ್ದು.

ವಹಿಗೂ ಕೋಷ್ಟಕಕ್ಕೂ ತಾಳೆ ನೋಡುವ ಹೊಣೆ ನನ್ನದಾಗಿತ್ತು. ನಮ್ಮಜ್ಜನು ನಿಜಾಮರ ಆಳಿಕೆಯಲ್ಲಿ ಕಚೇರಿಗಾಗಿ ಉರ್ದುವಿನಲ್ಲೊಂದು, ಮನೆಗಾಗಿ ಕನ್ನಡದಲ್ಲೊಂದು ಲೆಕ್ಕ ಬರೆದಿಡುತ್ತಿದ್ದನು. ಒಬ್ಬನು ಗಟ್ಟಿಯಾಗಿ ಓದುವುದು, ಇನ್ನೊಬ್ಬನು ಬೆರಳಿಟ್ಟು ನೋಡುತ್ತ ಹೋಗುವುದು, ಇದೇ ಅವನ ತಾಳೆ. ನನಗೆ ಅಷ್ಟು ತಾಳ್ಮೆಯೆಲ್ಲಿಯದು? ನಾನು ಜಾಣತನದ ದಾರಿಯನ್ನು ಹಿಡಿದೆನು. ಸಾಲುಗಳನ್ನು ಎಣಿಸಿದೆ, ಎರಡೂ ಕಡೆ 186. ಹಣದ ಮೊತ್ತವನ್ನು ಕೂಡಿಸಿದೆ, ಸರಿಯಾಯಿತು. ಖಾತೆಯ ಸಂಖ್ಯೆಗಳನ್ನೂ ಬಿಡದೆ ಕೂಡಿಸಿದೆ, ಅದೂ ಸರಿಯಾಯಿತು. ಮೂರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದ ಮೇಲೆ ಸಂಶಯವೇಕೆ? "ತಾಳೆಯಾಗಿದೆ" ಎಂದು ಬರೆದು ರುಜು ಹಾಕಿದೆನು.

ಒಂದು ತಿಂಗಳ ಮೇಲೆ ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬಂದಳು. "ಮಾಸ್ತರ್ರೀ, ಆರು ಸಾವಿರ ಬರ್ತಾವ ಅಂದಿದ್ರಿ, ಎರಡು ಸಾವಿರ ಅಷ್ಟ ಬಂದಾವರಿ" ಎಂದಳು. ನಾನು ವಹಿಯನ್ನು ತೆಗೆದು ನೋಡಿದೆ. ಆರು ಸಾವಿರವೇ ಇತ್ತು. ನನ್ನ ರುಜುವೂ ಇತ್ತು. "ನಮ್ಮಲ್ಲಿ ತಪ್ಪಿಲ್ಲವಮ್ಮ, ಬ್ಯಾಂಕಿನಲ್ಲಿ ಕೇಳು" ಎಂದು ಹೇಳಿ ಕಳುಹಿಸಿದೆ. ಆಕೆ ಹೋದಳು. ಮರುದಿನ ಮತ್ತೆ ಹೋದಳು. ಎರಡು ದಿನದ ಕೂಲಿ ಹೋಯಿತು. ಮೂರನೆಯ ದಿನ ಬಂದು ಗೋಡೆಗೆ ಒರಗಿ ನಿಂತು, "ಹುಡುಗಿ ಹಾಸ್ಟೆಲ್ ಬಿಟ್ಟು ಬಂದು ಮನ್ಯಾಗ ಕುಂತಾಳರಿ" ಎಂದಷ್ಟೇ ಅಂದಳು. ಬೈದಿದ್ದರೆ ನಾನೂ ಏನಾದರೊಂದು ಉತ್ತರ ಹೇಳುತ್ತಿದ್ದೆನೋ ಏನೋ.

ಆ ಸಂಜೆ ನಾನು ಅಜ್ಜನ ಕ್ರಮದಂತೆ ಬೆರಳಿಟ್ಟು ನೋಡಿದೆನು. ಪಟ್ಟಿಯಲ್ಲಿ ಒಂದೇ ಹೆಸರಿನ ಇಬ್ಬರು ಹುಡುಗಿಯರು ಒಬ್ಬರ ಕೆಳಗೊಬ್ಬರು ಇದ್ದರು. ತಂದೆಯ ಹೆಸರು ಮಾತ್ರ ಬೇರೆ. ಓದಿ ಹೇಳುವಾಗ ನಾನೇ ಒಬ್ಬಳ ಖಾತೆಯನ್ನು ಇನ್ನೊಬ್ಬಳ ಹೆಸರಿನ ಮುಂದೆ ಹೇಳಿದ್ದೆ. ಕಾಲೇಜಿಗೆ ಹೋಗುವವಳ ಆರು ಸಾವಿರ ಎಂಟನೆಯ ತರಗತಿಯವಳ ಮನೆಗೂ, ಆಕೆಯ ಎರಡು ಸಾವಿರ ಈಕೆಯ ಮನೆಗೂ ಹೋಗಿದ್ದುವು. ಸಾಲುಗಳ ಎಣಿಕೆ ಕೆಡಲಿಲ್ಲ, ಹಣದ ಮೊತ್ತ ಕೆಡಲಿಲ್ಲ, ಖಾತೆಗಳ ಮೊತ್ತವೂ ಕೆಡಲಿಲ್ಲ. ಕೆಟ್ಟದ್ದು ಒಂದು ಹುಡುಗಿಯ ಓದು. ಕಡಿಮೆಯಾದ ನಾಲ್ಕು ಸಾವಿರವನ್ನು ನನ್ನ ಪಿಂಚಣಿಯಿಂದ ಕೊಟ್ಟೆನು. ಇನ್ನೊಂದು ಮನೆಯವರು ಹೆಚ್ಚಾಗಿ ಬಂದ ಹಣವನ್ನು ಹತ್ತಿಯ ಹೊಲಕ್ಕೆ ಹಾಕಿಬಿಟ್ಟಿದ್ದರು. ಅವರನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಹುಡುಗಿ ಹನ್ನೊಂದು ದಿನಗಳ ಮೇಲೆ ಹಾಸ್ಟೆಲಿಗೆ ಹಿಂದಿರುಗಿದಳು.

ದಸರೆಗೆ ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಬಂದಳು. ದೊಡ್ಡ ದೊಡ್ಡ ಕೋಷ್ಟಕಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿ, ಸಾಗಿಸಿದ್ದು ಮೂಲದಂತೆಯೇ ಇದೆಯೋ ಎಂದು ನೋಡುವುದೇ ಅವಳ ಉದ್ಯೋಗ. ನನ್ನ ಕಥೆಯನ್ನು ಕೇಳಿ ಅವಳು ನಗಲಿಲ್ಲ. "ದೊಡ್ಡಪ್ಪಾ, ಕೂಡಿಸಿದ ಮೊತ್ತಕ್ಕ ಯಾರು ಎಲ್ಲಿ ಕುಂತಾರ ಅನ್ನೋದು ತಿಳಿಯಂಗಿಲ್ಲ" ಎಂದಳು. ನಾನು ಆ ಮಾತನ್ನು ವಹಿಯ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ.

ಆಲೋಚಿಸಿ ನೋಡಿದರೆ ಇದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಅಂಗಡಿಯ ಗುಮಾಸ್ತನಿಗೂ ಗೊತ್ತು: 540 ಎಂದು ಬರೆಯುವಲ್ಲಿ 450 ಎಂದು ಬರೆದರೆ ಅಂಕೆಗಳ ಮೊತ್ತ ಎರಡಕ್ಕೂ 9, ಒಂಬತ್ತನ್ನು ಕಳೆದು ಶೇಷ ನೋಡುವ ಹಳೆಯ ಪರೀಕ್ಷೆಯು ಈ ಅದಲುಬದಲನ್ನು ಹಿಡಿಯಲಾರದು. ವೇದದ ಪಾಠಕರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿತ್ತು. ಶತಪಥ ಬ್ರಾಹ್ಮಣವು ಋಕ್ಕುಗಳ ಪರಿಮಾಣವನ್ನು 12,000 ಬೃಹತೀ ಛಂದಸ್ಸುಗಳೆಂದು ಹೇಳುತ್ತದೆ. ಬೃಹತಿಗೆ 36 ಅಕ್ಷರಗಳಾದುದರಿಂದ ಒಟ್ಟು 4,32,000 ಅಕ್ಷರಗಳು. ಆದರೆ ಎರಡು ಪದಗಳು ಒಂದರ ಸ್ಥಾನಕ್ಕೊಂದು ಬಂದರೆ ಈ ಎಣಿಕೆ ಕದಲುವುದಿಲ್ಲ. ಆದುದರಿಂದಲೇ ಅವರು ಎಣಿಕೆಗೆ ನಿಲ್ಲದೆ ಕ್ರಮ, ಜಟೆ, ಘನಗಳೆಂಬ ಪಾಠಗಳನ್ನು ಕಲ್ಪಿಸಿದರು. ಜಟೆಯಲ್ಲಿ ಮೊದಲ ಪದ ಎರಡನೆಯ ಪದ, ಎರಡನೆಯದು ಮೊದಲನೆಯದು, ಮತ್ತೆ ಮೊದಲನೆಯದು ಎರಡನೆಯದು ಎಂದು ಹೆಣೆಯುತ್ತ ಹೋಗುತ್ತಾರೆ. ಪದವು ಯಾವುದೆಂಬುದರ ಜೊತೆಗೆ ಅದರ ನೆರೆಯವರು ಯಾರೆಂಬುದೂ ಆ ಹೆಣಿಗೆಯಲ್ಲಿ ಸೇರಿಹೋಗುತ್ತದೆ. ಇದನ್ನು ಮೂವತ್ತು ವರುಷ ಮಕ್ಕಳಿಗೆ ಹೇಳಿದವನು ನಾನು. ನನ್ನ ವಹಿಗೆ ಮಾತ್ರ ಹಚ್ಚಿ ನೋಡಲಿಲ್ಲ.

ಈಗಿನ ಗಣಕಶಾಸ್ತ್ರಜ್ಞರೂ ಇದೇ ದಾರಿಯಲ್ಲಿ ನಡೆದಿದ್ದಾರೆ. ಅವರು ಚೆಕ್‌ಸಮ್ ಎನ್ನುವುದನ್ನು ನಾನು ತಾಳೆಮೊತ್ತವೆಂದು ಕರೆಯುವೆನು. ವಾಚಕರ ಮನೆಮನೆಯಲ್ಲಿಯೂ ಇದರ ಒಂದು ಮಾದರಿಯಿದೆ. ಆಧಾರ್ ಚೀಟಿಯ ಹನ್ನೆರಡು ಅಂಕೆಗಳಲ್ಲಿ ಕಡೆಯದು ಕೇವಲ ಕಾವಲುಗಾರ. ಹಿಂದಿನ ಹನ್ನೊಂದರಿಂದ ಅದು ಹುಟ್ಟುತ್ತದೆ. ಹಾಲೆಂಡಿನ ವೆರ್ಹೂಫ್ ಎಂಬ ಗಣಿತಜ್ಞನು 1969ರಲ್ಲಿ ಪ್ರಕಟಿಸಿದ ಕ್ರಮವದು. ಒಂದು ಅಂಕೆ ತಪ್ಪಿದರೂ, ನೆರೆಯ ಎರಡು ಅಂಕೆಗಳು ಅದಲುಬದಲಾದರೂ ಅದು ಹಿಡಿದೇ ಹಿಡಿಯುತ್ತದೆ. ಕೋಷ್ಟಕಗಳಿಗೆ ಬಳಸುವುದು ಸಿಆರ್‌ಸಿ ಎಂಬ ಇನ್ನೊಂದು ಬಗೆ. ಪೀಟರ್ಸನ್ ಎಂಬ ಅಮೆರಿಕದ ವಿದ್ವಾಂಸನು 1961ರಲ್ಲಿ ವಿವರಿಸಿದ್ದು. ಸಾಲಿನ ಅಕ್ಷರಗಳನ್ನೆಲ್ಲ ಒಂದು ಮಹಾಸಂಖ್ಯೆಯಂತೆ ಭಾವಿಸಿ, ಗೊತ್ತಾದ ಒಂದು ಭಾಜಕದಿಂದ ಒಂದು ವಿಶೇಷ ರೀತಿಯಲ್ಲಿ ಭಾಗಿಸಿ, ಉಳಿದ ಶೇಷವನ್ನು ಗುರುತಾಗಿ ಇಟ್ಟುಕೊಳ್ಳುವುದು. ಒಂಬತ್ತನ್ನು ಕಳೆಯುವ ನಮ್ಮ ಲೆಕ್ಕದ ಮೊಮ್ಮಗನೆಂದೇ ಹೇಳಬಹುದು. ಆದರೆ ಮೊಮ್ಮಗನ ಕಣ್ಣು ಬಹಳ ಚುರುಕು. ಗುರುತುಗಳು ಒಟ್ಟು 429 ಕೋಟಿ 49 ಲಕ್ಷಕ್ಕೆ ಮೇಲ್ಪಟ್ಟಿರುವುದರಿಂದ, ಕೈತಪ್ಪಿನಿಂದಾದ ವ್ಯತ್ಯಾಸವೊಂದು ಈ ಕಾವಲನ್ನು ತಪ್ಪಿಸಿಕೊಳ್ಳುವುದು ಕಾಕತಾಳೀಯವೇ ಸರಿ: ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಗಂಟು ಬಿದ್ದಂತೆ.

"ಹಾಗಾದರೆ ಇದೇ ಸಾಕಲ್ಲ?" ಎಂದೆನು. ಅವಳು ಎರಡು ಎಚ್ಚರಿಕೆಗಳನ್ನು ಹೇಳಿದಳು. ಮೊದಲನೆಯದು, ಗುರುತನ್ನು ಸಾಲಿಗೆ ಸಾಲು ಹೋಲಿಸಬೇಕೇ ಹೊರತು, ಗುರುತನ್ನೇ ಸಾಲಿನ ಹೆಸರಾಗಿ ಭಾವಿಸಬಾರದು. ತರಗತಿಯಲ್ಲಿ 23 ಮಕ್ಕಳಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ಹಾಗೆಯೇ 77 ಸಾವಿರ ಸಾಲುಗಳು ಸೇರಿದರೆ ಅವುಗಳಲ್ಲಿ ಎಲ್ಲಿಯೋ ಎರಡಕ್ಕೆ ಒಂದೇ ಗುರುತು ಬರುವ ಸಂಭವ ಅರ್ಧಕ್ಕೆ ಅರ್ಧ. ಈ ಸಾಲಿಗೂ ಅದರ ಪ್ರತಿಗೂ ಹೋಲಿಸುವಾಗ ಇದರಿಂದ ಬಾಧೆಯಿಲ್ಲ. "ಈ ಗುರುತುಳ್ಳ ಸಾಲು ಅಲ್ಲಿದೆಯೇ" ಎಂದು ಹುಡುಕಹೊರಟರೆ ಬಾಧೆಯುಂಟು. ಎರಡನೆಯದು, ಸಾಲನ್ನು ಹೆಣೆಯುವಾಗ ಅಂಕಣಗಳ ನಡುವೆ ಗೆರೆಯಂಥ ಒಂದು ಚಿಹ್ನೆಯನ್ನು ಇಡಬೇಕು. ಇಲ್ಲವಾದರೆ 12 ಮತ್ತು 3 ಎಂಬುದೂ, 1 ಮತ್ತು 23 ಎಂಬುದೂ 123 ಎಂದೇ ಆಗಿಹೋಗುವುವು. ಪದವಿಭಾಗವಿಲ್ಲದ ಓದು ಅನರ್ಥಕ್ಕೆ ಕಾರಣವೆಂಬುದು ನಮ್ಮ ಶಾಸ್ತ್ರದಲ್ಲಿ ಹೊಸ ಮಾತಲ್ಲ.

ಇನ್ನು ಎರಡನೆಯ ಜಾತಿ. ಅದಕ್ಕೆ ಅವರು ಕ್ರಿಪ್ಟೋಗ್ರಾಫಿಕ್ ಹ್ಯಾಶ್ ಎನ್ನುತ್ತಾರೆ. ನಾನು ಗೂಢಮುದ್ರೆ ಎನ್ನುವೆನು. ಇವೆರಡರ ಭೇದವು ನನಗೆ ಕಟಪಯಾದಿಯಿಂದ ತಿಳಿಯಿತು. ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡಕ್ಷರಗಳಿಂದ ರಾಗದ ಸಂಖ್ಯೆಯನ್ನು ಹೇಳುವ ಪದ್ಧತಿ ವಾಚಕರಲ್ಲಿ ಅನೇಕರಿಗೆ ಗೊತ್ತು. ಧೀರಶಂಕರಾಭರಣದಲ್ಲಿ ಧಕಾರಕ್ಕೆ 9, ರಕಾರಕ್ಕೆ 2. ತಿರುಗಿಸಿ ಓದಿದರೆ 29. ಆದರೆ ಧರೆ ಎಂದರೂ 29, ಧಾರೆ ಎಂದರೂ 29, ಝರಿ ಎಂದರೂ 29. ಒಂದು ಸಂಖ್ಯೆಗೆ ಬೇಕಾದ ಪದವನ್ನು ಕಟ್ಟಿಕೊಡಿರೆಂದರೆ ಯಾವ ಪಂಡಿತನಾದರೂ ಎಲೆಯಡಿಕೆ ಮೆಲ್ಲುವಷ್ಟರಲ್ಲಿ ಹತ್ತು ಕಟ್ಟಿಕೊಡುತ್ತಾನೆ. ತಾಳೆಮೊತ್ತವೂ ಹೀಗೆಯೇ. ಮರೆವನ್ನು ಅದು ಹಿಡಿಯುತ್ತದೆ, ಮೋಸವನ್ನು ಹಿಡಿಯಲಾರದು. ಬಲ್ಲವನು ಹಣದ ಅಂಕಣವನ್ನು ತಿದ್ದಿ, ಬೇರೊಂದು ಕಡೆ ನಾಲ್ಕು ಚಿಹ್ನೆಗಳನ್ನು ಸೇರಿಸಿ, ಸಿಆರ್‌ಸಿಯ ಗುರುತು ಮೊದಲಿನಂತೆಯೇ ಬರುವ ಹಾಗೆ ಮಾಡಬಲ್ಲನು. ಗೂಢಮುದ್ರೆಯಲ್ಲಿ ಇದು ಆಗಬಾರದು. ಒಂದಕ್ಷರ ಬದಲಾದರೆ ಮುದ್ರೆಯ ಅರ್ಧದಷ್ಟು ಭಾಗ ಬದಲಾಗಬೇಕು. ಬೇಕಾದ ಮುದ್ರೆಗೆ ತಕ್ಕ ಸಾಲನ್ನು ಕಟ್ಟಲು ಯಾವ ಪಂಡಿತನಿಗೂ ದಾರಿ ತಿಳಿದಿರಬಾರದು.

ಆದರೆ "ಬಾರದು" ಎಂಬುದೂ ಕಾಲಾಧೀನವೇ. ರಿವೆಸ್ಟ್ ಎಂಬವನು 1991ರಲ್ಲಿ ರಚಿಸಿದ ಎಂಡಿ5 ಎಂಬ ಮುದ್ರೆಯು ಲೋಕಮಾನ್ಯವಾಗಿತ್ತು. 2004ರಲ್ಲಿ ಚೀನಾದ ವಾಂಗ್ ಶಿಯಾವೊಯುನ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ ಒಂದೇ ಮುದ್ರೆ ಬೀಳುವ ಎರಡು ಬೇರೆ ಬರೆಹಗಳನ್ನು ಮಾಡಿ ತೋರಿಸಿದರು. ಶಾ-1 ಎಂಬುದಕ್ಕೂ 2017ರಲ್ಲಿ ಅದೇ ಗತಿಯಾಯಿತು. ಆಂಸ್ಟರ್‌ಡಾಮಿನ ಗಣಿತ ಸಂಸ್ಥೆಯವರೂ ಗೂಗಲ್‌ನವರೂ ಕೂಡಿ ಅದನ್ನು ಮುರಿದರು. ಅಮೆರಿಕದ ಸರಕಾರವು 2002ರಲ್ಲಿ ಮಾನಕವಾಗಿ ಪ್ರಕಟಿಸಿದ ಶಾ-256 ಇಂದಿಗೂ ಮುರಿದಿಲ್ಲ. ಅದರ ಮುದ್ರೆಗಳ ಸಂಖ್ಯೆಯನ್ನು ಬರೆಯಹೊರಟರೆ 78 ಅಂಕೆಗಳಾಗುತ್ತವೆ. ನಮ್ಮ ದೇಶದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು, ಕಂಪ್ಯೂಟರಿನ ದಾಖಲೆಯನ್ನು ನ್ಯಾಯಾಲಯದ ಮುಂದಿಡುವಾಗ ಕೊಡತಕ್ಕ ಪ್ರಮಾಣಪತ್ರದಲ್ಲಿ ಇಂಥ ಮುದ್ರೆಯನ್ನು ಬರೆಯಲು ಸ್ಥಳವಿಟ್ಟಿದೆ. ಮುರಿದ ಎರಡನ್ನೂ ಮುರಿಯದ ಒಂದನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದೆ. ಆರಿಸಿಕೊಳ್ಳುವ ವಿವೇಕ ಬರೆಯುವವನದು.

ಹಾಗೆಂದು ಎಲ್ಲ ಕೆಲಸಕ್ಕೂ ಗೂಢಮುದ್ರೆಯೇ ಬೇಕೆಂದಲ್ಲ. ಸಿಆರ್‌ಸಿಯ ಗುರುತಿಗೆ ನಾಲ್ಕು ಬೈಟುಗಳ ಜಾಗ ಸಾಕು, ಶಾ-256ಕ್ಕೆ ಮೂವತ್ತೆರಡು ಬೇಕು. ಲೆಕ್ಕವೂ ಸಾಮಾನ್ಯವಾಗಿ ನಿಧಾನ. ಕೋಟಿ ಕೋಟಿ ಸಾಲುಗಳನ್ನು ಪ್ರತಿದಿನವೂ ಹೋಲಿಸುವವರು, ನಡುವೆ ವೈರಿಯಿಲ್ಲದಿದ್ದರೆ, ತಾಳೆಮೊತ್ತದಿಂದಲೇ ಸಂತೋಷವಾಗಿ ಕೆಲಸ ನಡೆಸುತ್ತಾರೆ. ನನ್ನ 186 ಸಾಲುಗಳಿಗೆ ಎರಡೂ ಕಣ್ಣೆವೆ ಮುಚ್ಚುವಷ್ಟರಲ್ಲಿ ಮುಗಿಯುವ ಕೆಲಸ. ಅಂತೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ "ಯಾವುದು ಮೇಲು" ಎಂಬುದಲ್ಲ, "ನಾನು ಹೆದರುವುದು ಯಾವುದಕ್ಕೆ, ನನ್ನ ಮರೆವಿಗೋ ಪರರ ಮೋಸಕ್ಕೋ" ಎಂಬುದು. ಮೋಸಕ್ಕೆ ಹೆದರುವವನು ಇನ್ನೊಂದನ್ನೂ ನೆನೆಯಬೇಕು. ಮುದ್ರೆಯನ್ನು ಕೋಷ್ಟಕದ ಪಕ್ಕದಲ್ಲಿಯೇ ಇಟ್ಟರೆ ಕೋಷ್ಟಕವನ್ನು ತಿದ್ದುವವನು ಮುದ್ರೆಯನ್ನೂ ಹೊಸದಾಗಿ ಒತ್ತಿ ಹೋಗುತ್ತಾನೆ. ಬೀಗದ ಕೈಯನ್ನು ಬೀಗದಲ್ಲಿಯೇ ಬಿಟ್ಟ ಹಾಗೆ. ಮುದ್ರೆಯು ಬೇರೆಯವರ ಕೈಯಲ್ಲಿರಬೇಕು.

ನಾನು ಹೊಸ ಆಯುಧ ಸಿಕ್ಕಿದ ಹುಡುಗನಂತಾದೆನು. ಶಾ-256 ಅಲ್ಲದೆ ಬೇರೆ ಮಾತಿಲ್ಲ ಎಂದೆನು. ವಹಿಯನ್ನು ಬೇರೊಬ್ಬ ಹುಡುಗನಿಂದ ಹೊಸದಾಗಿ ಕೋಷ್ಟಕ ಮಾಡಿಸಿ, ಹಳೆಯ ಕೋಷ್ಟಕದೊಡನೆ ಸಾಲಿಗೆ ಸಾಲು ಮುದ್ರೆಯನ್ನು ಹೋಲಿಸಿದರೆ, ಎಪ್ಪತ್ತಕ್ಕಿಂತ ಹೆಚ್ಚು ಸಾಲುಗಳು ಬೇರೆ ಬೇರೆ ಎಂದು ಬಂತು! ಎದೆ ಧಸಕ್ಕೆಂದಿತು. ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ನೋಡಿದೆನು: ಇಲ್ಲಿ ದೇವಮ್ಮ, ಅಲ್ಲಿಯೂ ದೇವಮ್ಮ. ಖಾತೆ ಒಂದೇ, ಹಣ ಒಂದೇ. ಎರಡನೆಯದೂ ಹಾಗೆಯೇ. ತಮ್ಮನ ಮಗಳು ಒಳಗಿನ ಸಂಕೇತಗಳನ್ನು ಬಿಡಿಸಿ ತೋರಿಸಿದಳು. "ದೇ" ಎಂಬುದನ್ನು ಕಂಪ್ಯೂಟರಿನಲ್ಲಿ ಎರಡು ರೀತಿಯಲ್ಲಿ ಬರೆಯಬಹುದಂತೆ: ದಕಾರಕ್ಕೆ ಏತ್ವದ ಒಂದೇ ಚಿಹ್ನೆಯನ್ನು ಹಚ್ಚುವುದು ಒಂದು, ಎತ್ವವನ್ನು ಹಚ್ಚಿ ಅದರ ಮುಂದೆ ದೀರ್ಘದ ಚಿಹ್ನೆಯನ್ನು ಬೇರೆಯಾಗಿ ಇಡುವುದು ಇನ್ನೊಂದು. ಹಳೆಯ ಕೋಷ್ಟಕದ ಹೆಸರುಗಳು ಹಿಂದಿನ ಅಚ್ಚಿನ ಲಿಪಿಯಿಂದ ಮಾರ್ಪಾಡಾಗಿ ಬಂದವು. ಅವುಗಳಲ್ಲಿ ಎರಡನೆಯ ರೀತಿ. ಈ, ಏ, ಓ ದೀರ್ಘಗಳಿದ್ದ ಹೆಸರುಗಳೆಲ್ಲ ಹೀಗೆ. ಕಣ್ಣಿಗೆ ಒಂದು, ಮುದ್ರೆಗೆ ಎರಡು. ಮುದ್ರೆಗೆ ಕನ್ನಡ ಬಾರದು. ಅದು ಸಂಕೇತಗಳನ್ನು ಮಾತ್ರ ಬಲ್ಲದು.

ಆದುದರಿಂದ ಹೋಲಿಸುವುದಕ್ಕೆ ಮೊದಲು ಎರಡೂ ಕಡೆಯ ಬರೆಹವನ್ನು ಒಂದೇ ರೂಪಕ್ಕೆ ತರಬೇಕು. ಪದದ ಕಡೆಯಲ್ಲಿ ಕಣ್ಣಿಗೆ ಕಾಣದೆ ಉಳಿದ ಖಾಲಿ ಜಾಗಗಳನ್ನು ತೆಗೆಯಬೇಕು. "ಏನೂ ಬರೆದಿಲ್ಲ" ಎಂಬುದನ್ನೂ "ಸೊನ್ನೆ" ಎಂಬುದನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಶಾಕಲ್ಯನು ಸಂಧಿಗಳನ್ನೆಲ್ಲ ಬಿಡಿಸಿ ಋಗ್ವೇದಕ್ಕೆ ಪದಪಾಠವನ್ನು ಕಟ್ಟಿದ್ದೂ ಇದಕ್ಕೆ ಸಮೀಪದ ಕೆಲಸವೇ. ಯಾವುದು "ಒಂದೇ" ಎಂಬುದನ್ನು ಮನುಷ್ಯನು ಮೊದಲು ನಿಶ್ಚಯಿಸಬೇಕು. ಆ ಮೇಲೆ ಯಂತ್ರವು ಹೇಳೀತು. ಹಾಗೆ ಮಾಡಿದ ಮೇಲೆ ಎಪ್ಪತ್ತು ಹೋಗಿ ಮೂರು ಉಳಿದುವು. ಎರಡು ನನಗೆ ಗೊತ್ತಿದ್ದುವೇ, ಆ ಇಬ್ಬರು ಹುಡುಗಿಯರ ಸಾಲುಗಳು. ಮೂರನೆಯದು ಒಂದು ಖಾತೆಯಲ್ಲಿ ಒಂದಂಕೆಯ ತಪ್ಪು. ಆ ಮನೆಯವರು ದುಡಿಯಲು ಬೆಂಗಳೂರಿಗೆ ಹೋಗಿದ್ದರು. ಹಣ ಬಾರದ್ದನ್ನು ಕೇಳಲೂ ಇಲ್ಲ. ಯಾರನ್ನು ಕೇಳಬೇಕೆಂದು ಅವರಿಗೆ ತಿಳಿದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಮೂರು ಮೊತ್ತಗಳಲ್ಲಿ ಖಾತೆಗಳ ಮೊತ್ತವಾದರೂ ಈ ತಪ್ಪನ್ನು ಹಿಡಿಯಬೇಕಾಗಿತ್ತಲ್ಲ ಎಂದು ವಾಚಕರು ಕೇಳಬಹುದು. ನಾನೂ ಕೇಳಿಕೊಂಡೆನು. ಅಂದು ಕೂಡಿಸುವಾಗ ಒಂದರ ವ್ಯತ್ಯಾಸ ಬಂದಿತ್ತು. "ನನ್ನ ಕೂಡಿಕೆಯ ತಪ್ಪು" ಎಂದುಕೊಂಡು ಸರಿಮಾಡಿ ಬರೆದುಬಿಟ್ಟಿದ್ದೆನು. ಈ ಮಾತನ್ನು ಮೇಲೆ ಹೇಳದೆ ಬಿಟ್ಟಿದ್ದೆ. ಬರೆಯುತ್ತ ಬರೆಯುತ್ತ ಬಿಡಲಾಗಲಿಲ್ಲ. ಕಾವಲುಗಾರನು ಕೂಗಿದಾಗ ಅವನನ್ನೇ ಗದರಿಸಿ ಮಲಗುವವನಿಗೆ ಯಾವ ಮುದ್ರೆ ಏನು ಮಾಡೀತು?

ಈಗ ನಮ್ಮ ಕ್ರಮ ಹೀಗಿದೆ. ಇಬ್ಬರು ಬೇರೆಬೇರೆಯಾಗಿ ವಹಿಯಿಂದ ಕೋಷ್ಟಕ ಮಾಡುತ್ತಾರೆ. ಎರಡನ್ನೂ ಒಂದು ರೂಪಕ್ಕೆ ತಂದು ಸಾಲಿಗೆ ಸಾಲು ಶಾ-256ರ ಮುದ್ರೆಯನ್ನು ಹೋಲಿಸುತ್ತೇವೆ. ಬೇರೆ ಎಂದು ಬಂದ ಸಾಲನ್ನು ತಿದ್ದುವವನು ತನ್ನ ಹೆಸರು ಬರೆಯಬೇಕು. ಕಡೆಗೆ ಇಡೀ ಕೋಷ್ಟಕದ 64 ಚಿಹ್ನೆಗಳ ಮುದ್ರೆಯನ್ನು ಮೂವರು ತಮ್ಮ ತಮ್ಮ ಮನೆಯ ಪುಸ್ತಕದಲ್ಲಿ ಕೈಯಾರೆ ಬರೆದಿಡುತ್ತಾರೆ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ವಹಿಯಲ್ಲಿಯೇ ತಪ್ಪಿದ್ದರೆ ಎರಡು ಪ್ರತಿಗಳಲ್ಲಿಯೂ ಅದೇ ತಪ್ಪು ಇಳಿದು, ಮುದ್ರೆಗಳು ಪರಮಾನಂದದಿಂದ ಕೂಡಿಬರುವುವು. ಮುದ್ರೆಯು ಎರಡು ಬರೆಹ ಒಂದೇ ಎಂದು ಹೇಳಬಲ್ಲದು. ಬರೆಹವು ನಿಜವೆಂದು ಹೇಳಲಾರದು. ಅದಕ್ಕಾಗಿ ಹಣ ಹೋಗುವ ಮುನ್ನ ಒಂದು ಭಾನುವಾರ ತಾಯಿತಂದೆಗಳನ್ನು ನಮ್ಮ ಜಗಲಿಗೆ ಕರೆದು, ಅವರವರ ಪಾಸ್‌ಬುಕ್ಕನ್ನು ಎದುರಿಗಿಟ್ಟು, ಅವರವರ ಸಾಲನ್ನು ಗಟ್ಟಿಯಾಗಿ ಓದುತ್ತೇವೆ. ಅಜ್ಜನ ಕ್ರಮವೇ.

ಈ ವರುಷ ಆ ಹೆಣ್ಣುಮಗಳೂ ಬಂದಿದ್ದಳು. ಅವಳಿಗೆ ಅಕ್ಷರ ಬಾರದು. ಮಗಳೇ ಪಕ್ಕದಲ್ಲಿ ಕುಳಿತು ಅಂಕೆ ಅಂಕೆಯಾಗಿ ಓದಿದಳು. ತಾಯಿ ಬೆರಳಿಟ್ಟು ನೋಡಿದಳು. ಮುಗಿದ ಮೇಲೆ, "ಈಗ ಬರೋಬ್ಬರಿ ಅದರಿ, ಮಾಸ್ತರ್ರೀ" ಎಂದಳು. ನಾನು ಆ ಸಾಲಿನ ಮುಂದೆ "ತಾಳೆಯಾಗಿದೆ" ಎಂದು ಬರೆದೆನು. ಈ ಸಲ ರುಜು ನನ್ನದಲ್ಲ, ಆ ಹುಡುಗಿಯದು.